ಎಲೆ ನೋಡಿ ನಂಬಬೇಡಿ: ಸೋಂಪು ಮತ್ತು ಅದರ ಬಂಧುಗಳನ್ನು ಗುರುತಿಸುವ ಬಗೆ

ಹೂವಿನಹಡಗಲಿಯ ಹೆಸರಿನಲ್ಲೇ ಹೂವಿದೆ. ಅಲ್ಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಹಾಗೆಯೇ ಗ್ರೀಸ್ ದೇಶದ ಒಂದು ಊರಿನ ಹೆಸರಿನಲ್ಲಿ ಸೋಂಪು ಇದೆ. ಆ ಊರೇ ಮ್ಯಾರಥಾನ್. ಗ್ರೀಕ್ ಭಾಷೆಯಲ್ಲಿ ಸೋಂಪಿನ ಗಿಡಕ್ಕೆ 'ಮಾರಥೋನ್' ಎನ್ನುತ್ತಾರೆ. ಸೋಂಪು ತಾನಾಗಿ ಬೆಳೆದು ನಿಂತ ಬಯಲು ಎಂಬ ಕಾರಣಕ್ಕೆ ಊರಿಗೆ ಆ ಹೆಸರು. ಕ್ರಿ.ಪೂ. 490ರಲ್ಲಿ ಅಲ್ಲಿ ಗ್ರೀಕರಿಗೂ ಪರ್ಷಿಯನ್ನರಿಗೂ ಯುದ್ಧವಾಯಿತು. ಅದರ ನೆನಪಿಗಾಗಿ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ದೂರದ ಓಟವೊಂದನ್ನು ಸೇರಿಸಿದರು. ಇಂದು ನಮ್ಮ ಮಕ್ಕಳು ಪತ್ರಿಕೆಗಳಲ್ಲಿ ಓದುವ 'ಮ್ಯಾರಥಾನ್ ಓಟ'ದ ಮೂಲ ಇದೇ. ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದ ಮುಖ್ಯ ಪಟ್ಟಣ ಫುಂಚಲ್‌ಗೂ ಪೋರ್ಚುಗೀಸ್ ಭಾಷೆಯ 'ಫುಂಚೋ', ಅಂದರೆ ಸೋಂಪಿನಿಂದಲೇ ಹೆಸರು ಬಂದಿದೆ.

ನಮಗೆ ಸೋಂಪು ಎಂದರೆ ಊಟದ ಹೋಟೆಲಿನ ಗಲ್ಲಾದ ಪಕ್ಕದ ಬಟ್ಟಲಿನಲ್ಲಿರುವ ಹಸಿರು ಕಾಳು. ಬಡೇಸೋಪು, ದೊಡ್ಡ ಜೀರಿಗೆ ಎಂದೂ ಕರೆಯುತ್ತೇವೆ. ಕಾಳನ್ನು ಎಲ್ಲರೂ ಬಲ್ಲರು, ಗಿಡವನ್ನು ಕಂಡವರು ಕಡಿಮೆ. ಹಾಗಾದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಗುಡ್ಡ, ಹಳ್ಳ, ಬದುಗಳಲ್ಲಿ ಸೋಂಪು ಕಾಡುಗಿಡವಾಗಿ ಸಿಗುತ್ತದೆಯೇ? ಸಿಗುವುದಿಲ್ಲ. ಆದರೆ ಅದರ ಬಂಧುಗಳು ನಮ್ಮ ಹೊಲಗಳಲ್ಲಿವೆ. ಅದರಂತೆಯೇ ಕಾಣುವ, ಆದರೆ ಬಂಧುಗಳಲ್ಲದ ಗಿಡಗಳೂ ಸಾಕಷ್ಟಿವೆ. ಇವುಗಳಲ್ಲಿ ಯಾವುದು ಯಾವುದೆಂದು ತಿಳಿಯುವುದು ಪರೀಕ್ಷೆಯ ಅಂಕಗಳಿಗಷ್ಟೇ ಅಲ್ಲ, ಮಕ್ಕಳ ಆರೋಗ್ಯಕ್ಕೂ ಬೇಕಾದ ವಿದ್ಯೆ.

ಇಲ್ಲಿ ಏಕೆ ತಾನಾಗಿ ಬೆಳೆಯದು?

ಸೋಂಪಿನ ವೈಜ್ಞಾನಿಕ ಹೆಸರು ಫೀನಿಕ್ಯುಲಂ ವಲ್ಗೇರ್. ಅದರ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಒಣಗಿರುತ್ತದೆ. ಗಿಡವು ತಂಪು ಹವೆಯಲ್ಲಿ ನೀರುಂಡು ಬೆಳೆದು, ಬೇಸಿಗೆಯಲ್ಲಿ ಹೂಬಿಟ್ಟು ಕಾಯಿ ಕಟ್ಟುತ್ತದೆ. ಬೇರು ಆಳದಲ್ಲಿ ಉಳಿದು ಮತ್ತೆ ಚಿಗುರುತ್ತದೆ.

ನಮ್ಮ ಸೀಮೆಯ ಲೆಕ್ಕ ಬೇರೆ. ಇಲ್ಲಿ ಮಳೆ ಬರುವುದು ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ, ಅದೂ ಕಡಿಮೆ. ಚಳಿಗಾಲ ಒಣಗಿರುತ್ತದೆ. ಆಮೇಲೆ ನಲವತ್ತು ಡಿಗ್ರಿಯ ಆಸುಪಾಸಿನ ಬಿಸಿಲು. ಇಂಥಲ್ಲಿ ಸೋಂಪು ತಾನಾಗಿ ಹುಟ್ಟಿ, ಬೀಜ ಉದುರಿಸಿ, ತಲೆಮಾರಿನಿಂದ ತಲೆಮಾರಿಗೆ ಮುಂದುವರಿಯುವುದು ಕಷ್ಟ. ಗುಜರಾತ್, ರಾಜಸ್ಥಾನಗಳಲ್ಲಿ ಅದನ್ನು ಎಕರೆಗಟ್ಟಲೆ ಬೆಳೆಯುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ, ಗುಜರಾತಿನ ಮೆಹಸಾಣಾ ಜಿಲ್ಲೆಯ ಊಂಝಾ ಮಾರುಕಟ್ಟೆ ಜೀರಿಗೆ, ಸೋಂಪುಗಳಿಗೆ ಹೆಸರಾದದ್ದು. ಬೀಜ ಸಾಂಬಾರಗಳ ಸಂಶೋಧನೆಗೆಂದೇ 2000ದಲ್ಲಿ ರಾಜಸ್ಥಾನದ ಅಜ್ಮೇರ್ ಬಳಿಯ ತಬೀಜಿಯಲ್ಲಿ ರಾಷ್ಟ್ರೀಯ ಕೇಂದ್ರವೊಂದು ಆರಂಭವಾಯಿತು. ಆದರೆ ಅಲ್ಲಿ ರೈತ ಬಿತ್ತುತ್ತಾನೆ, ನೀರು ಕೊಡುತ್ತಾನೆ, ಕಳೆ ತೆಗೆಯುತ್ತಾನೆ. ನಮ್ಮ ಹಿತ್ತಲಿನಲ್ಲೂ ಆರೈಕೆ ಮಾಡಿದರೆ ಸೋಂಪಿನ ಗಿಡ ಬರುತ್ತದೆ. ಬೆಳೆಸಿದರೆ ಬರುವುದು ಒಂದು, ಬಿಟ್ಟರೂ ಬದುಕುವುದು ಇನ್ನೊಂದು.

ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಮೊದಲು ಮನಸ್ಸಿನಲ್ಲಿಡಬೇಕು. ಹೊಲದಲ್ಲಿ ಬಿತ್ತಿ ಬೆಳೆದದ್ದು ಬೆಳೆ. ಕಣದಲ್ಲಿ, ಬದುವಿನಲ್ಲಿ ಉದುರಿದ ಬೀಜದಿಂದ ಹುಟ್ಟಿ ಒಂದೆರಡು ವರ್ಷ ಕಾಣಿಸಿಕೊಂಡು ಮಾಯವಾಗುವುದು ಬೆಳೆಯಿಂದ ತಪ್ಪಿಸಿಕೊಂಡ ಗಿಡ. ಹೊರನಾಡಿನಿಂದ ಬಂದು ಯಾರ ಹಂಗೂ ಇಲ್ಲದೆ ಹಬ್ಬಿ ನಿಂತದ್ದು ನೆಲೆಯೂರಿದ ಗಿಡ. ಮೊದಲಿಂದಲೂ ಇಲ್ಲಿಯದೇ ಆದದ್ದು ನಿಜವಾದ ನಾಡಗಿಡ. ರಸ್ತೆ ಬದಿಯಲ್ಲಿ ಕಂಡಿತೆಂಬ ಕಾರಣಕ್ಕೆ ಯಾವುದೂ 'ಕಾಡುಗಿಡ' ಆಗುವುದಿಲ್ಲ.

ಹೊರನಾಡಿನಲ್ಲಿ ಸೋಂಪು ನೆಲೆಯೂರಿ ತಂಟೆ ಮಾಡಿದ್ದೂ ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾದ ಹವೆ ಮೆಡಿಟರೇನಿಯನ್ ಹವೆಯಂತೆಯೇ ಇದೆ. ಅಲ್ಲಿಯ ಕರಾವಳಿಗೆ ಸೇರಿದ ಸಾಂತಾ ಕ್ರೂಸ್ ದ್ವೀಪದಲ್ಲಿ 1980ರ ದಶಕದ ಕೊನೆಯಲ್ಲಿ ಮೇಯುವ ದನಗಳನ್ನು ಹೊರಸಾಗಿಸಿದ ಮೇಲೆ ಸೋಂಪು ಆಳೆತ್ತರದ ಪೊದೆಯಾಗಿ ಹಬ್ಬಿ, ನಾಡಗಿಡಗಳಿಗೆ ಜಾಗವಿಲ್ಲದಂತೆ ಮಾಡಿತು. ಬಾಯಿಗೆ ತಂಪೆರೆಯುವ ಗಿಡವೇ ಅಲ್ಲಿ ಕಳೆ!

ಕೊಡೆ ಬಿಡಿಸಿದ ಕುಟುಂಬ

ಸೋಂಪು ಸೇರಿದ ಸಸ್ಯಕುಟುಂಬಕ್ಕೆ ಹಳೆಯ ಪಠ್ಯಗಳಲ್ಲಿ ಅಂಬೆಲಿಫೆರೀ ಎಂದೂ ಈಗ ಏಪಿಯೇಸೀ ಎಂದೂ ಹೆಸರು. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ, ಗಜ್ಜರಿ, ಇಂಗು, ಇವೆಲ್ಲ ಒಂದೇ ಮನೆತನದವು. ನಮ್ಮ ಸಾಂಬಾರ ಡಬ್ಬಿಯ ಅರ್ಧ ಈ ಕುಟುಂಬದ್ದೇ ಎನ್ನಬಹುದು. ಇದನ್ನು ಗುರುತಿಸಲು ನಾಲ್ಕು ಲಕ್ಷಣಗಳು ಸಾಕು.

ಮೊದಲನೆಯದು ಹೂಗೊಂಚಲು. ಕೊಡೆಯ ಕಡ್ಡಿಗಳು ಒಂದೇ ಬಿಂದುವಿನಿಂದ ಹೊರಡುವಂತೆ, ಕಾಂಡದ ತುದಿಯ ಒಂದೇ ಜಾಗದಿಂದ ಹಲವು ಕಡ್ಡಿಗಳು ಹೊರಡುತ್ತವೆ. ಪ್ರತಿ ಕಡ್ಡಿಯ ತುದಿಯಲ್ಲಿ ಮತ್ತೊಂದು ಪುಟ್ಟ ಕೊಡೆ. ಆ ಪುಟ್ಟ ಕೊಡೆಯ ಕಡ್ಡಿಗಳ ತುದಿಯಲ್ಲಿ ಹೂ. ಇದೇ ಸಂಯುಕ್ತ ಛತ್ರಮಂಜರಿ. ಎರಡನೆಯದು ಎಲೆಯ ತೊಟ್ಟು. ಅದರ ಬುಡ ಅಗಲವಾಗಿ, ಕತ್ತಿಯ ಒರೆಯಂತೆ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಮೂರನೆಯದು ಕಾಯಿ. ನಾವು 'ಕಾಳು' ಎನ್ನುವುದು ವಾಸ್ತವವಾಗಿ ಬೀಜವಲ್ಲ, ಇಡೀ ಕಾಯಿ. ಮಾಗಿದಾಗ ಅದು ಉದ್ದಕ್ಕೆ ಎರಡು ಹೋಳಾಗುತ್ತದೆ. ಒಂದೊಂದು ಹೋಳಿನಲ್ಲಿ ಒಂದೊಂದು ಬೀಜ. ಬಿತ್ತುವ ಮೊದಲು ಕೊತ್ತಂಬರಿಯನ್ನು ಉಜ್ಜಿ ಎರಡು ಹೋಳು ಮಾಡುವ ರೈತನಿಗೆ ಈ ಸಸ್ಯಶಾಸ್ತ್ರ ಚೆನ್ನಾಗಿ ಗೊತ್ತು. ನಾಲ್ಕನೆಯದು ವಾಸನೆ. ಎಲೆ ಉಜ್ಜಿದರೂ ಕಾಯಿ ಅಗಿದರೂ ಗಾಢವಾದ ಪರಿಮಳ ಬರುತ್ತದೆ.

ಪರಿಮಳ ಎಲ್ಲಿಂದ ಬರುತ್ತದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಸೋಂಪಿನ ಕಾಳೊಂದನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ದೊಡ್ಡವರ ಸಹಾಯದಿಂದ ಬ್ಲೇಡಿನಲ್ಲಿ ಅಡ್ಡಲಾಗಿ ತೆಳ್ಳಗೆ ಕೊಯ್ದು ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಹೋಳಿನ ಹೊರಮೈಯಲ್ಲಿ ಐದು ಏಣುಗಳು. ಏಣುಗಳ ನಡುವೆ ನಾಲ್ಕು, ಎರಡು ಹೋಳುಗಳು ಕೂಡುವ ಒಳಮೈಯಲ್ಲಿ ಎರಡು, ಹೀಗೆ ಆರು ಕಂದು ಚುಕ್ಕೆಗಳು. ಇವೇ ಎಣ್ಣೆನಾಳಗಳು. ಸೋಂಪಿನ ಎಣ್ಣೆಯಲ್ಲಿ ಸಿಹಿ ಪರಿಮಳದ ಅನೆಥೋಲ್, ಓಮದಲ್ಲಿ ಖಾರದ ಥೈಮಾಲ್, ಸಬ್ಬಸಿಗೆ ಕಾಳಿನಲ್ಲಿ ಕಾರ್ವೋನ್ ಇದೆ. ಹೀಗಾಗಿ ಒಂದೇ ಮನೆತನವಾದರೂ ಮೂಗು ಇವುಗಳನ್ನು ಬೇರೆ ಬೇರೆ ಗುರುತಿಸುತ್ತದೆ.

ನಮ್ಮ ಹೊಲದ ನಾಲ್ವರು

ಸೋಂಪಿಗೆ ಅತಿ ಹತ್ತಿರದ ಹೋಲಿಕೆ ಸಬ್ಬಸಿಗೆಯದು. ಹೆಸರುಬೇಳೆ ಹಾಕಿದ ಸಬ್ಬಸಿಗೆ ಪಲ್ಯವನ್ನು ಜೋಳದ ರೊಟ್ಟಿಯೊಂದಿಗೆ ತಿನ್ನದವರು ನಮ್ಮ ಕಡೆ ಯಾರು? ಎರಡರ ಎಲೆಯೂ ದಾರದಂತೆ ಸೀಳಿರುತ್ತವೆ, ಎರಡರ ಹೂವೂ ಹಳದಿ. ಸೊಪ್ಪಿನ ಮಡಿಯಲ್ಲಿ ಕೀಳದೆ ಬಿಟ್ಟ ಸಬ್ಬಸಿಗೆ ಎದೆಮಟ್ಟ ಬೆಳೆದು ಹೂಕೊಡೆ ಬಿಡಿಸಿದರೆ, ಮೊಬೈಲಿನ ಗಿಡ ಗುರುತಿಸುವ ಆ್ಯಪ್ ಕೂಡ ಅದನ್ನು 'ಸೋಂಪು' ಎಂದು ಹೇಳಿಬಿಡಬಹುದು. ಬೇರ್ಪಡಿಸುವುದು ಹೇಗೆ? ಸಬ್ಬಸಿಗೆ ಒಂದೇ ಋತುವಿನ ಗಿಡ. ಸಾಮಾನ್ಯವಾಗಿ ಒಂದೇ ಕಾಂಡ, ಅದೂ ಪೊಳ್ಳು. ಕಾಯಿ ಚಪ್ಪಟೆ, ಅಂಚಿನಲ್ಲಿ ತೆಳುವಾದ ರೆಕ್ಕೆ. ಸೋಂಪು ಹಲವು ವರ್ಷ ಬದುಕಬಲ್ಲ, ಬುಡದಿಂದ ಹಲವು ಕಾಂಡ ಒಡೆಯುವ, ಆಳೆತ್ತರ ಮೀರಬಲ್ಲ ಗಿಡ. ಕಾಂಡದ ಮೇಲೆ ನೀಲಿಬೂದಿ ಬಣ್ಣದ ಮೇಣದ ಲೇಪ. ಕಾಯಿ ಉಬ್ಬಿದ್ದು, ಏಣು ಎದ್ದು ಕಾಣುತ್ತದೆ, ರೆಕ್ಕೆಯಿಲ್ಲ. ಎಲೆ ಉಜ್ಜಿದರೆ ಬಟ್ಟಲಿನ ಸೋಂಪಿನದೇ ಸಿಹಿ ವಾಸನೆ.

ಎರಡನೆಯದು ಕೊತ್ತಂಬರಿ. ಬಳ್ಳಾರಿ ಸೀಮೆಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಹಳೆಯ ಬೆಳೆ. ಇದರಲ್ಲೊಂದು ಸೋಜಿಗವಿದೆ. ಕೆಳಗಿನ ಎಲೆಗಳು ಅಗಲ. ನಾವು ಸೊಪ್ಪೆಂದು ಬಳಸುವುದು ಅವನ್ನೇ. ಹೂ ಬರುವ ಹೊತ್ತಿಗೆ ಮೇಲೆ ಮೂಡುವ ಎಲೆಗಳು ಮಾತ್ರ ದಾರದಂತೆ ಸೀಳಿರುತ್ತವೆ. ಒಂದೇ ಗಿಡದಲ್ಲಿ ಎರಡು ಬಗೆಯ ಎಲೆ! ಮೇಲಿನ ತುದಿಯನ್ನಷ್ಟೇ ಕಿತ್ತು ತಂದು ತೋರಿಸಿದರೆ ಅದು ಕೊತ್ತಂಬರಿಯೆಂದು ಹಲವರು ಒಪ್ಪಲಾರರು. ಹೂ ಬಿಳಿ ಅಥವಾ ನಸುಗೆಂಪು, ಕೊಡೆಯ ಅಂಚಿನ ಹೂಗಳ ಹೊರದಳ ದೊಡ್ಡದು, ಕಾಯಿ ದುಂಡು.

ಮೂರನೆಯದು ಓಮ ಅಥವಾ ಅಜವಾನ. ಮಂಡಕ್ಕಿಯ ಜೊತೆ ಮಿರ್ಚಿ ಕಚ್ಚಿದಾಗ ಹಿಟ್ಟಿನಲ್ಲಿ ಮೂಗಿಗೇರುವ ಘಮ ಅದರದೇ. ಗಿಡ ಗಿಡ್ಡ, ಹೂ ಬಿಳಿ, ಕಾಯಿ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಮೈ ಒರಟು. ಮನೆಯ ಕುಂಡದಲ್ಲಿ ಬೆಳೆಸುವ, ದಪ್ಪ ಎಲೆಯ 'ದೊಡ್ಡಪತ್ರೆ'ಗೂ ಇದೇ ವಾಸನೆ. ಆದರೆ ಅದು ತುಳಸಿಯ ಕುಟುಂಬದ್ದು. ವಾಸನೆಯೊಂದನ್ನೇ ನಂಬಿದರೂ ಹೀಗೆ ದಾರಿ ತಪ್ಪಬಹುದು.

ನಾಲ್ಕನೆಯದು ಒಂದೆಲಗ. ಕೆರೆ, ಕಾಲುವೆಗಳ ಅಂಚಿನ ತೇವದಲ್ಲಿ ತೆವಳಿ ಹಬ್ಬುವ ಈ ಗಿಡಕ್ಕೆ ದುಂಡನೆಯ ಎಲೆ. ದಾರದಂಥ ಎಲೆಯ ಸುಳಿವೇ ಇಲ್ಲ. ಆದರೂ ಸಸ್ಯವಿಜ್ಞಾನಿಗಳು ಇದನ್ನು ಸೋಂಪಿನ ಕುಟುಂಬದಲ್ಲೇ ಇಟ್ಟಿದ್ದಾರೆ. ಅದರ ಪುಟ್ಟ ಹೂಗೊಂಚಲು, ಎರಡು ಹೋಳಾಗುವ ಕಾಯಿ ನೋಡಿದರೆ ಕಾರಣ ತಿಳಿಯುತ್ತದೆ. ಸಂಬಂಧ ತಿಳಿಸುವುದು ಹೂವು ಮತ್ತು ಕಾಯಿ, ಎಲೆಯಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ಪಾಠ ಬೇಡ.

ವೇಷಧಾರಿಗಳು

ಇನ್ನು ಎಲೆಯಲ್ಲಿ ಮಾತ್ರ ಸೋಂಪನ್ನೋ ಗಜ್ಜರಿಯನ್ನೋ ಹೋಲುವ ಗಿಡಗಳನ್ನು ನೋಡೋಣ. ಗುಡೇಕೋಟೆಯ ಕರಡಿಧಾಮದಂಥ ಕುರುಚಲು ಕಾಡುಗಳಲ್ಲಿ ಬೆಳೆಯುವ ಶತಾವರಿ, ನಮ್ಮವರ ಮಾತಿನಲ್ಲಿ ಹಲವು ಮಕ್ಕಳ ತಾಯಿಬೇರು, ದೂರದಿಂದ ಸೋಂಪಿನಷ್ಟೇ ನವಿರು. ಹತ್ತಿರ ಹೋಗಿ ಮುಟ್ಟಿದರೆ ಮುಳ್ಳು ಚುಚ್ಚುತ್ತದೆ. ಅದರ ಹಸಿರು ಸೂಜಿಗಳು ಎಲೆಗಳೇ ಅಲ್ಲ. ಎಲೆಯ ಕೆಲಸ ಮಾಡುವ ಕಿರುಕೊಂಬೆಗಳು. ಬೇಲಿಗೆ ಹಬ್ಬಿಸುವ ಕಾಮಲತೆಯ ಎಲೆ ಬಾಚಣಿಗೆಯಂತೆ ಸೀಳಿದ್ದರೂ ಅದು ಬಳ್ಳಿ. ಹೂ ನಕ್ಷತ್ರದಾಕಾರದ ಕೆಂಪು. ಶಾಲೆಯ ಕೈತೋಟದ ಕಾಸ್ಮಾಸ್ ಗಿಡವೂ ಎಲೆಯಲ್ಲಿ ಸೋಂಪಿನಂತೆಯೇ. ಹೂ ಬಂದಾಗ ಸೇವಂತಿಗೆಯ ಬಳಗದ್ದೆಂದು ತಿಳಿಯುತ್ತದೆ.

ಹೆಸರೂ ವೇಷ ಹಾಕುತ್ತದೆ. ಪಾಳುಭೂಮಿಯಲ್ಲಿ ಬೆಳೆಯುವ, ನೇರಳೆ ಹೂವಿನ ಗಿಡವೊಂದನ್ನು 'ಕಾಡು ಜೀರಿಗೆ', 'ಕಹಿ ಜೀರಿಗೆ' ಎನ್ನುತ್ತಾರೆ. ಹೆಸರು ಕೇಳಿದವರು ಇದೇ ಜೀರಿಗೆಯ ಕಾಡುರೂಪವೆಂದು ತಿಳಿಯುತ್ತಾರೆ. ಆದರೆ ಅದರ ಎಲೆ ಇಡಿಯಾಗಿ, ಅಂಚು ಗರಗಸದಂತೆ ಇರುತ್ತದೆ. ಹೂ ಕೊಡೆಯಲ್ಲ, ಚೆಂಡು. ಅದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ಕೃಷ್ಣ ಜೀರಿಗೆ ಇನ್ನೂ ಬೇರೆಯದೇ ಕುಟುಂಬದ್ದು. ಹೆಸರಿನಲ್ಲಿ ಜೀರಿಗೆ ಇದ್ದ ಮಾತ್ರಕ್ಕೆ ಒಂದರ ಬದಲು ಇನ್ನೊಂದನ್ನು ಔಷಧಿಗೋ ಅಡುಗೆಗೋ ಬಳಸಬಾರದು.

ಎಲ್ಲಕ್ಕಿಂತ ದೊಡ್ಡ ವೇಷಧಾರಿ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ. ಹಿಂದಿಯಲ್ಲಿ ಇದಕ್ಕೆ 'ಗಾಜರ್ ಘಾಸ್', ಅಂದರೆ ಗಜ್ಜರಿ ಹುಲ್ಲು ಎಂಬ ಹೆಸರಿದೆ. ಎಳೆಯ ಎಲೆ ಅಷ್ಟರಮಟ್ಟಿಗೆ ಗಜ್ಜರಿಯನ್ನು ಹೋಲುತ್ತದೆ. ಅಮೆರಿಕ ಖಂಡದ ಈ ಕಳೆ 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಬಳಿಕ ದೇಶದ ಉದ್ದಗಲಕ್ಕೂ ಹಬ್ಬಿತು. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ಮಳೆಗಾಲದಲ್ಲಿ ಎಲೆ ಬೋಳಿಸುತ್ತದೆ, ಆದರೂ ಕಳೆ ಅಳಿದಿಲ್ಲ.

ಗುರುತು ಸುಲಭ. ಪಾರ್ಥೇನಿಯಂನ ಕಾಂಡ, ಎಲೆಗಳ ಮೇಲೆ ಸಣ್ಣ ರೋಮಗಳಿವೆ. ಎಲೆತೊಟ್ಟಿನ ಬುಡದಲ್ಲಿ ಒರೆ ಇಲ್ಲ. ಹೂ ಕೊಡೆಯಂತಲ್ಲ, ಬಿಳಿ ಗುಂಡಿಗಳಂತೆ. ಸಾಂಬಾರದ ಪರಿಮಳವಿಲ್ಲ. ಆದರೆ ಈ ಗಿಡವನ್ನು ಮೂಗಿನಿಂದಲೂ ಕೈಯಿಂದಲೂ ಪರೀಕ್ಷಿಸಲು ಹೋಗಬೇಡಿ. ಅದರಲ್ಲಿನ ಪಾರ್ಥೆನಿನ್ ಎಂಬ ವಸ್ತು ಚರ್ಮಕ್ಕೆ ತುರಿಕೆ, ಉರಿ ತರುತ್ತದೆ. ಪರಾಗ ಉಬ್ಬಸವಿರುವವರನ್ನು ಕಾಡುತ್ತದೆ. ಕೆಲವರಿಗೆ ಮೊದಲ ಸಲ ಏನೂ ಆಗದೆ, ಮುಟ್ಟುತ್ತಾ ಮುಟ್ಟುತ್ತಾ ಅಲರ್ಜಿ ಬೆಳೆಯುತ್ತದೆ. ಶ್ರಮದಾನದ ದಿನ ಶಾಲೆಯ ಅಂಗಳದ ಕಾಂಗ್ರೆಸ್ ಗಿಡವನ್ನು ಮಕ್ಕಳಿಂದ ಬರಿಗೈಯಲ್ಲಿ ಕೀಳಿಸುವ ರೂಢಿ ಕೆಲವೆಡೆ ಇದೆ. ಇದು ಸಲ್ಲದು. ಹೂ ಬಿಡುವ ಮೊದಲು, ಕೈಗವಸು ತೊಟ್ಟು, ಮೂಗು ಬಾಯಿ ಮುಚ್ಚಿಕೊಂಡು, ಮಳೆ ಬಿದ್ದು ನೆಲ ಮೆತ್ತಗಿರುವಾಗ ದೊಡ್ಡವರು ಬೇರುಸಹಿತ ಕೀಳಬೇಕು. ಪಾಲಕರು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಈ ಮಾತನ್ನು ಎತ್ತಬೇಕು.

ಹೋಲಿಕೆ ಪ್ರಾಣಕ್ಕೆ ಎರವಾದಾಗ

ಸೋಂಪಿನ ಕುಟುಂಬದಲ್ಲೇ ಒಂದು ಕುಖ್ಯಾತ ವಿಷವಿದೆ. ಹೆಮ್ಲಾಕ್ ಎಂಬ ಈ ಗಿಡದ ರಸವನ್ನೇ ಕ್ರಿ.ಪೂ. 399ರಲ್ಲಿ ಸಾಕ್ರಟೀಸನಿಗೆ ಕುಡಿಸಿದ್ದು. ಎಲೆ ಗಜ್ಜರಿಯಂತೆ, ಹೂ ಬಿಳಿಯ ಕೊಡೆ, ಕಾಂಡದ ಮೇಲೆ ನೇರಳೆ ಮಚ್ಚೆ, ಉಜ್ಜಿದರೆ ಇಲಿಯ ದುರ್ನಾತ. ಅದರ ವಿಷವಾದ ಕೋನೀನ್ ಅನ್ನು 1886ರಲ್ಲಿ ಜರ್ಮನಿಯ ಲಾಡೆನ್‌ಬರ್ಗ್ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಸಸ್ಯಕ್ಷಾರವೊಂದನ್ನು ಮನುಷ್ಯ ಹಾಗೆ ತಯಾರಿಸಿದ್ದು ಅದೇ ಮೊದಲು. ಹೆಮ್ಲಾಕ್ ನಮ್ಮ ಬಯಲುಸೀಮೆಯ ಗಿಡವಲ್ಲ. ಆದರೆ ಕ್ಯಾಲಿಫೋರ್ನಿಯಾದಂಥ ಕಡೆ ಸೋಂಪೂ ಹೆಮ್ಲಾಕೂ ಒಂದೇ ರಸ್ತೆಬದಿಯಲ್ಲಿ ಬೆಳೆಯುತ್ತವೆ. ಹೊರದೇಶದಲ್ಲಿ ಓದಲು, ದುಡಿಯಲು ಹೋದ ನಮ್ಮ ಮಕ್ಕಳು 'ಇದು ನಮ್ಮ ಸಬ್ಬಸಿಗೆ' ಎಂದು ಕಂಡದ್ದನ್ನು ಕಿತ್ತು ತಿನ್ನಬಾರದು.

ನಮ್ಮಲ್ಲೂ ಇಂಥ ಅಪಾಯಗಳಿವೆ. ಹಳದಿ ಹೂವಿನ, ಮೈಯೆಲ್ಲ ಮುಳ್ಳಿನ ದತ್ತೂರಿ ಗಿಡ, ಅಂದರೆ ಆರ್ಜಿಮೋನ್, ಹೊಲದ ಬದಿಯಲ್ಲಿ ಸಾಮಾನ್ಯ. ಅದರ ಬೀಜ ಸಾಸಿವೆಯಂತಿದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಯಲ್ಲಿ ಆರ್ಜಿಮೋನ್ ಎಣ್ಣೆ ಬೆರೆತು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಬೇಲಿಗೆ ನೆಡುವ, ಜೈವಿಕ ಇಂಧನಕ್ಕೆಂದು ಹಲವೆಡೆ ಬೆಳೆಸಿದ ಕಾಡುಹರಳು, ಅಂದರೆ ಜತ್ರೋಫಾದ ಬೀಜ ಕಡಲೆಕಾಯಿಯಂತೆ ರುಚಿಯಾಗಿರುತ್ತದೆ. ಅದನ್ನು ತಿಂದ ಶಾಲಾ ಮಕ್ಕಳು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಇಂಥ ಸಂದರ್ಭದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, 108ಕ್ಕೆ ಕರೆಮಾಡಿ, ತಿಂದ ಗಿಡದ ತುಂಡನ್ನೂ ಕಾಯನ್ನೂ ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ಯಬೇಕು. ಗಿಡ ಯಾವುದೆಂದು ತಿಳಿದರೆ ವೈದ್ಯರ ಅರ್ಧ ಕೆಲಸ ಹಗುರ.

ಐದು ಪ್ರಶ್ನೆ, ಒಂದು ನಿಯಮ

ಅಪರಿಚಿತ ಗಿಡ ಕಂಡಾಗ ವಿದ್ಯಾರ್ಥಿಗಳು ಈ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಹೂಗೊಂಚಲು ಕೊಡೆಯೋ, ಚೆಂಡೋ, ತೆನೆಯೋ? ಎಲೆತೊಟ್ಟಿನ ಬುಡದಲ್ಲಿ ಒರೆ ಇದೆಯೇ? ಕಾಂಡ ನುಣುಪೋ, ರೋಮವುಳ್ಳದ್ದೋ, ಮಚ್ಚೆಯುಳ್ಳದ್ದೋ? ಕಾಯಿ ದುಂಡೋ, ಚಪ್ಪಟೆಯೋ, ಏಣುಳ್ಳದ್ದೋ? ಅದು ನಿಂತ ನೆಲ ಎಂಥದು: ಮಸಾರಿಯೋ, ಎರೆಯೋ, ಹಳ್ಳದ ತೇವವೋ, ಹಳೆಯ ಕಣದ ಜಾಗವೋ? ಇವುಗಳಲ್ಲಿ ಒಂದಕ್ಕೆ ಉತ್ತರ ಹೊಂದದಿದ್ದರೂ ಗುರುತು ಪೂರ್ತಿಯಾಗಿಲ್ಲ ಎಂದೇ ತಿಳಿಯಬೇಕು. ನಿಯಮ ಒಂದೇ: ಬಲ್ಲ ಹಿರಿಯರು ಕಂಡು ಹೇಳುವ ತನಕ ಬಾಯಿಗೆ ಹಾಕಬಾರದು. ಮೊಬೈಲಿನ ಉತ್ತರ ಹುಡುಕಾಟದ ಆರಂಭವಷ್ಟೇ, ತೀರ್ಪಲ್ಲ.

ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಅಡುಗೆಮನೆಯ ಸೋಂಪು, ಕೊತ್ತಂಬರಿ, ಓಮ, ಸಬ್ಬಸಿಗೆ ಕಾಳುಗಳನ್ನು ನಾಲ್ಕು ಕುಂಡಗಳಲ್ಲಿ ಬಿತ್ತಿ. ಇವು ನಿಧಾನವಾಗಿ ಮೊಳೆಯುವ ಜಾತಿ. ಎರಡು ವಾರ ತಾಳ್ಮೆ ಬೇಕು. ಮೊದಲ ಎರಡು ಬೀಜದೆಲೆಗಳು ಎಲ್ಲದರಲ್ಲೂ ಸೀಳಿಲ್ಲದ ಉದ್ದನೆಯ ಎಲೆಗಳೇ. ನಿಜವಾದ ಎಲೆ ಬಂದ ಮೇಲೆ ದಾರಿ ಬೇರೆಯಾಗುತ್ತದೆ. ವಾರಕ್ಕೊಮ್ಮೆ ಚಿತ್ರ ಬರೆದಿಡಿ. ಹೂ ಬಿಟ್ಟಾಗ ಎಷ್ಟು ಬಗೆಯ ಕೀಟಗಳು ಬಂದವೆಂದು ಎಣಿಸಿ. ಚಪ್ಪಟೆಯಾದ ಹೂಕೊಡೆ ಸಣ್ಣ ನೊಣ, ಜೇನು, ಗುಲಗಂಜಿ ಹುಳುಗಳಿಗೆ ಇಳಿದಾಣವಿದ್ದಂತೆ. ಗುಲಗಂಜಿ ಹುಳು ಬೆಳೆಯ ಹೇನನ್ನು ತಿನ್ನುತ್ತದೆ. ಆದ್ದರಿಂದ ಹೊಲದ ಅಂಚಿನಲ್ಲಿ ನಾಲ್ಕು ಸಾಲು ಕೊತ್ತಂಬರಿ, ಸಬ್ಬಸಿಗೆ ಹೂವಿಗೆ ಬಿಟ್ಟರೆ ರೈತನಿಗೂ ಲಾಭ.

ಕಂಡ ಗಿಡಗಳ ಒಂದೊಂದು ರೆಂಬೆಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಊರು, ತಾರೀಕು, ಮಣ್ಣು, ಹೂವಿನ ಬಣ್ಣ, ಊರವರು ಕರೆಯುವ ಹೆಸರು ಬರೆದಿಡಿ. ಕಾಂಗ್ರೆಸ್ ಗಿಡ ಮಾತ್ರ ಬೇಡ, ಅದರ ಚಿತ್ರ ಸಾಕು. ಇದು ಸಣ್ಣ ಕೆಲಸವಲ್ಲ. 1953ರವರೆಗೆ ನಮ್ಮ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೀಗಾಗಿ ಈ ಸೀಮೆಯ ಗಿಡಗಳ ಹಳೆಯ ವಿವರ ಹುಡುಕುವವರು ಗ್ಯಾಂಬಲ್ ಆರಂಭಿಸಿದ, 1915ರಿಂದ 1936ರವರೆಗೆ ಭಾಗ ಭಾಗವಾಗಿ ಹೊರಬಂದ ಮದ್ರಾಸ್ ಪ್ರಾಂತ್ಯದ ಸಸ್ಯಗ್ರಂಥವನ್ನು ತೆರೆಯಬೇಕು. ಆಮೇಲಿನ ಕರ್ನಾಟಕದ ಸಸ್ಯಗ್ರಂಥದ ಎರಡು ಸಂಪುಟಗಳು ಸಾಲ್ಡಾನ ಅವರ ಶ್ರಮದಿಂದ 1984 ಮತ್ತು 1996ರಲ್ಲಿ ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹಾಲಯದಲ್ಲಿ ಒಣಗಿಸಿದ ಮಾದರಿಗಳನ್ನು ಕಾಪಾಡಿದ್ದಾರೆ. ಅಲ್ಲಿಯ ಹಾಳೆಗಳೂ ಹೀಗೆಯೇ ಯಾರೋ ಒಬ್ಬರು ಬಿಸಿಲಲ್ಲಿ ನಡೆದು, ಬಾಗಿ ನೋಡಿ, ಬರೆದಿಟ್ಟವೇ.

ತಂದೆತಾಯಿಗಳಲ್ಲಿ ಒಂದು ವಿನಂತಿ. ಹೊಲಕ್ಕೆ ಹೋಗುವಾಗ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಸಬ್ಬಸಿಗೆಗೂ ಕಾಂಗ್ರೆಸ್ ಗಿಡಕ್ಕೂ ಇರುವ ವ್ಯತ್ಯಾಸ ನಿಮಗೆ ನೋಟದಲ್ಲೇ ಗೊತ್ತು. ಅದನ್ನು ಮಾತಿನಲ್ಲಿ ಹೇಳಿಕೊಡಿ. ಅಜ್ಜಿಗೆ ಗೊತ್ತಿರುವ ಬೆರಕೆ ಸೊಪ್ಪಿನ ಹೆಸರುಗಳನ್ನು ಮಗುವಿನಿಂದ ಬರೆಯಿಸಿ. ಬರೆದಿಡದ ಹೆಸರು ಅಜ್ಜಿಯ ಜೊತೆಗೇ ಹೋಗುತ್ತದೆ.